ಹಿಮಸೇತುವೆ ದಾಟಿ ಬಂದ ತೋಳಗಳು

1929ರಲ್ಲಿ ಅಡಾಲ್ಫ್ ಮ್ಯೂರಿ ಎಂಬ ತರುಣ ಪ್ರಾಣಿವಿಜ್ಞಾನಿ ಐಲ್ ರಾಯಲ್ ದ್ವೀಪಕ್ಕೆ ಹೋದಾಗ ಅಲ್ಲಿ ಒಂದು ತೋಳವೂ ಇರಲಿಲ್ಲ. ಸುಪೀರಿಯರ್ ಸರೋವರದೊಳಗಿನ ಈ ದ್ವೀಪ ಅಮೆರಿಕದ ಮಿಷಿಗನ್ ರಾಜ್ಯಕ್ಕೆ ಸೇರಿದ್ದರೂ ಕೆನಡಾದ ದಡವೇ ಅದಕ್ಕೆ ಹತ್ತಿರ. ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ತಣ್ಣೀರು. ದ್ವೀಪದ ಉದ್ದ ಸುಮಾರು 72 ಕಿಲೋಮೀಟರ್, ಅಗಲ ಹೆಚ್ಚೆಂದರೆ 14. ಮ್ಯೂರಿ ಬಂದದ್ದು ಮೂಸ್‌ಗಳನ್ನು ನೋಡಲು. ಜಿಂಕೆ, ಕಡವೆಗಳ ಬಳಗದಲ್ಲೇ ಅತಿ ದೊಡ್ಡದಾದ ಈ ಪ್ರಾಣಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೇಗೋ ದ್ವೀಪ ಸೇರಿ, ಹಿಡಿದು ತಿನ್ನುವವರಿಲ್ಲದೆ ಸಾವಿರ ಮೀರಿ ಬೆಳೆದಿತ್ತು. ಬಾಯಿಗೆ ಎಟಕುವಷ್ಟು ಎತ್ತರದವರೆಗೆ ಗಿಡಮರಗಳ ಚಿಗುರು ಸವರಿಹೋಗಿತ್ತು. ಹೀಗೇ ಆದರೆ ಮೇವು ಮುಗಿದು ಇವು ಸಾಯುತ್ತವೆ ಎಂದು ಮ್ಯೂರಿ ಎಚ್ಚರಿಸಿದರು. 1930ರ ದಶಕದ ನಡುವೆ ಮೂಸ್‌ಗಳು ಹಸಿವಿನಿಂದ ಸಾಲುಸಾಲಾಗಿ ಸತ್ತವು.

ಅಮೆರಿಕದಲ್ಲಿ ಅದು ತೋಳಗಳನ್ನು ನಿರ್ಮೂಲ ಮಾಡುತ್ತಿದ್ದ ಕಾಲ. 1915ರಿಂದ ಸರ್ಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನು ನೇಮಿಸಿತ್ತು. ಬೋನು, ಬಂದೂಕು, ವಿಷ, ಬಿಲಕ್ಕೆ ಕೈಹಾಕಿ ಮರಿಗಳನ್ನು ಎಳೆದು ಕೊಲ್ಲುವುದು, ಎಲ್ಲವೂ ನಡೆದಿತ್ತು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೂ 1926ರ ಹೊತ್ತಿಗೆ ತೋಳಗಳನ್ನು ಮುಗಿಸಲಾಗಿತ್ತು. ಕೊಂದವರ ಬಳಿ ತೋಳಗಳ ಬಗ್ಗೆ ಸಾವಿರ ಕಥೆಗಳಿದ್ದವು. ಆದರೆ ಬದುಕಿರುವ ತೋಳವೊಂದು ದಿನವಿಡೀ ಏನು ಮಾಡುತ್ತದೆ ಎಂದು ಕುಳಿತು ನೋಡಿದ ವಿಜ್ಞಾನಿ ಇರಲಿಲ್ಲವೆಂದೇ ಹೇಳಬೇಕು.

ಆ ಕೆಲಸಕ್ಕೆ ಮೊದಲು ಕುಳಿತವರು ಇದೇ ಮ್ಯೂರಿ. ಅಲಾಸ್ಕಾದ ಮೌಂಟ್ ಮೆಕಿನ್ಲಿ ಉದ್ಯಾನದಲ್ಲಿ ಕಾಡುಕುರಿಗಳು ಕಡಿಮೆಯಾದವು, ತೋಳಗಳನ್ನು ಕೊಲ್ಲಬೇಕು ಎಂಬ ಕೂಗೆದ್ದಾಗ, ನಿಜ ಏನೆಂದು ನೋಡಿಬರಲು ಉದ್ಯಾನ ಇಲಾಖೆ 1939ರಲ್ಲಿ ಅವರನ್ನು ಕಳಿಸಿತು. ಅವರು ಬೆಟ್ಟ ಬೆಟ್ಟ ಅಲೆದು ಸತ್ತ ಕಾಡುಕುರಿಗಳ 829 ತಲೆಬುರುಡೆ ಒಟ್ಟುಮಾಡಿದರು. ಹಲ್ಲು, ಕೊಂಬು ನೋಡಿ ವಯಸ್ಸು ಲೆಕ್ಕಹಾಕಿದರೆ ಹೆಚ್ಚಿನವು ಮುದಿಯವು, ರೋಗಪೀಡಿತ ಅಥವಾ ಎಳೆಯವು. ಗಟ್ಟಿಮುಟ್ಟಾದ ನಡುವಯಸ್ಸಿನವು ತೀರ ಕಡಿಮೆ. ಬಿಲವೊಂದರ ಎದುರಿನ ದಿಣ್ಣೆಯ ಮೇಲೆ ಕುಳಿತು ಅವರು ಇನ್ನೂ ಒಂದನ್ನು ಕಂಡರು. ತಾಯಿ ಬೇಟೆಗೆ ಹೋದ ರಾತ್ರಿ ಬೇರೊಂದು ಹೆಣ್ಣು ತೋಳ ಮರಿಗಳ ಕಾವಲಿಗೆ ನಿಲ್ಲುತ್ತಿತ್ತು. 1944ರಲ್ಲಿ ಬಂದ ಅವರ ಪುಸ್ತಕ ಕಾಡುತೋಳದ ಬಗೆಗಿನ ಮೊದಲ ಗಂಭೀರ ಅಧ್ಯಯನ.

ಅತ್ತ ಐಲ್ ರಾಯಲ್ 1940ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿ ದಡದಿಂದ ದ್ವೀಪದವರೆಗೆ ಹಿಮದ ಸೇತುವೆ ಕಟ್ಟಿತು. ಕೆಲವೇ ತೋಳಗಳು ಅದನ್ನು ನಡೆದು ದಾಟಿ ಬಂದವು. ಯಾರೂ ಕರೆಸಿದ್ದಲ್ಲ, ಯಾರೂ ನೋಡಿದ್ದೂ ಅಲ್ಲ. ಈ ಸುದ್ದಿ ಗಟ್ಟಿಯಾಗುವ ಮೊದಲೇ, ದ್ವೀಪಕ್ಕೆ ತೋಳ ಬೇಕೆಂದು ಹಂಬಲಿಸಿದ ಕೆಲವರು 1952ರಲ್ಲಿ ಡೆಟ್ರಾಯಿಟ್ ಮೃಗಾಲಯದ ನಾಲ್ಕು ತೋಳಗಳನ್ನು ತಂದು ಬಿಟ್ಟರು. ಮನುಷ್ಯರ ಕೈತುತ್ತಿಗೆ ಒಗ್ಗಿದ್ದ ಅವು ಕಾಡು ಬಿಟ್ಟು ಜನರಿದ್ದ ಕಡೆಗೇ ಬರತೊಡಗಿದವು. ಪ್ರಯತ್ನವನ್ನು ಕೈಬಿಡಬೇಕಾಯಿತು. ತಾವಾಗಿ ಬಂದವು ಮಾತ್ರ ಬೇರೂರಿದವು.

ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ಡರ್ವರ್ಡ್ ಅಲೆನ್‌ಗೆ ಇದು ಬೇರೆಲ್ಲೂ ಸಿಗಲಾರದ ಅವಕಾಶವಾಗಿ ಕಂಡಿತು. ಮುಖ್ಯವಾದ ಒಂದೇ ಬೇಟೆಗಾರ ಪ್ರಾಣಿ, ಅದಕ್ಕೆ ಮುಖ್ಯವಾದ ಒಂದೇ ಬೇಟೆ, ಸುತ್ತ ನೀರು. ಬೇಟೆಯಾಡಲು ಮನುಷ್ಯರಿಗೆ ಅನುಮತಿ ಇಲ್ಲ, ಮರ ಕಡಿಯುವಂತಿಲ್ಲ, ಚಳಿಗಾಲದಲ್ಲಿ ಉದ್ಯಾನವೇ ಮುಚ್ಚಿರುತ್ತದೆ. ತೋಳವನ್ನು ಅದರ ಪಾಡಿಗೆ ಬಿಟ್ಟರೆ ಮೂಸ್‌ಗಳನ್ನು ತಿಂದು ಮುಗಿಸುತ್ತದೆಯೇ, ಅಥವಾ ಎರಡೂ ಒಂದು ಹದಕ್ಕೆ ಬಂದು ನಿಲ್ಲುತ್ತವೆಯೇ? ಹತ್ತು ವರ್ಷ ನೋಡಿದರೆ ಉತ್ತರ ಸಿಗುತ್ತದೆ ಎಂದು ಅಲೆನ್ 1958ರಲ್ಲಿ ಯೋಜನೆ ಹಾಕಿದರು. ಹತ್ತು ವರ್ಷಕ್ಕೆಂದು ಹೊರಟ ಆ ಅಧ್ಯಯನ ಇಂದಿಗೂ ನಡೆಯುತ್ತಿದೆ. ಒಂದು ಬೇಟೆಗಾರ ಪ್ರಾಣಿ ಮತ್ತು ಅದರ ಆಹಾರದ ಸಂಬಂಧವನ್ನು ಇಷ್ಟು ದೀರ್ಘಕಾಲ ಹಿಂಬಾಲಿಸಿದ ಇನ್ನೊಂದು ಕೆಲಸ ಜಗತ್ತಿನಲ್ಲಿಲ್ಲ.

ಅಲೆನ್ ಕಳಿಸಿದ ಮೊದಲ ವಿದ್ಯಾರ್ಥಿ ಡೇವಿಡ್ ಮೀಚ್‌ಗೆ ಆಗ ಇಪ್ಪತ್ತೊಂದು ವರ್ಷ. ಬೇಸಿಗೆಯಲ್ಲಿ ಅವರು ದ್ವೀಪದ ಕಾಲುದಾರಿಗಳಲ್ಲಿ ಮೈಲಿಗಟ್ಟಲೆ ನಡೆದು ಹೆಜ್ಜೆಗುರುತು, ಹಿಕ್ಕೆ ಹುಡುಕುತ್ತಿದ್ದರು. ದಟ್ಟ ಕಾಡಿನಲ್ಲಿ ತೋಳ ಕಣ್ಣಿಗೆ ಬೀಳುವುದು ದುರ್ಲಭ. ಚಳಿಗಾಲ ಬಂದರೆ ಎಲ್ಲವೂ ತೆರೆದುಕೊಳ್ಳುತ್ತಿತ್ತು. ಎಲೆಯುದುರಿದ ಕಾಡು, ಬಿಳಿಯ ಹಿಮ, ಅದರ ಮೇಲೆ ಸಾಲಾಗಿ ಸಾಗುವ ಕಪ್ಪು ಚುಕ್ಕೆಗಳು. ಚಕ್ರದ ಬದಲು ಹಿಮಹಲಗೆ ಕಟ್ಟಿದ, ಇಬ್ಬರೇ ಕೂರಬಲ್ಲ ಪುಟ್ಟ ವಿಮಾನವೊಂದು ಹೆಪ್ಪುಗಟ್ಟಿದ ಕೊಲ್ಲಿಯಿಂದ ಏರುತ್ತಿತ್ತು. ಜನವರಿಯಿಂದ ಮಾರ್ಚ್‌ವರೆಗೆ ಏಳು ವಾರ ಹೀಗೆ ತೋಳಗಳ ಜಾಡು ಹಿಡಿದು ಹಾರುವುದು ಅಲ್ಲಿಂದ ಮುಂದೆ ಪ್ರತಿ ವರ್ಷದ ಪದ್ಧತಿಯಾಯಿತು.

ಮೀಚ್ ಹಿಂಬಾಲಿಸಿದ ದೊಡ್ಡ ಹಿಂಡಿನಲ್ಲಿ ಹದಿನೈದು ಹದಿನಾರು ತೋಳಗಳಿದ್ದವು. ಅಷ್ಟು ಜನ ಸೇರಿ ನುಗ್ಗಿದರೆ ಮೂಸ್ ಉಳಿಯುವುದುಂಟೇ ಎಂದು ಯಾರಾದರೂ ಕೇಳಿಯಾರು. ವಿಮಾನದಿಂದ ಕಂಡ ನಿಜ ಬೇರೆಯೇ ಇತ್ತು. ತೋಳಗಳು ಪತ್ತೆ ಹಚ್ಚಿದ 131 ಮೂಸ್‌ಗಳ ಲೆಕ್ಕವನ್ನು ಮೀಚ್ ಬರೆದಿಟ್ಟರು. ಅದರಲ್ಲಿ ತೋಳಗಳು ಬೆನ್ನುಹತ್ತಿ ಹತ್ತಿರ ಹೋಗಿ ಕೆಣಕಿ ನೋಡಿದ್ದು 77ನ್ನು. ಕೊಂದದ್ದು ಬರೀ ಆರನ್ನು. ಓಡದೆ ಎದುರಿಸಿ ನಿಂತ ಮೂಸ್‌ನ ಮುಂಗಾಲಿನ ಒಂದು ಒದೆತಕ್ಕೆ ತೋಳದ ಪಕ್ಕೆಲುಬು ಪುಡಿಯಾಗಬಹುದು, ತಲೆಬುರುಡೆ ಒಡೆಯಬಹುದು. ಅಂಥದ್ದನ್ನು ತೋಳಗಳು ಸ್ವಲ್ಪ ಹೊತ್ತು ಸುತ್ತುವರಿದು ನೋಡಿ ಬಿಟ್ಟು ಹೋಗುತ್ತಿದ್ದವು. ಓಡಿದವುಗಳಲ್ಲೂ ಬಹಳಷ್ಟು ತಪ್ಪಿಸಿಕೊಳ್ಳುತ್ತಿದ್ದವು. ದಿನಗಟ್ಟಲೆ ಹೊಟ್ಟೆಗಿಲ್ಲದೆ ಅಲೆಯುವುದು, ಸಿಕ್ಕಾಗ ಹೊಟ್ಟೆ ಬಿರಿಯುವಂತೆ ತಿನ್ನುವುದು, ಮತ್ತೆ ಅಲೆಯುವುದು: ತೋಳದ ಬದುಕಿನ ಲಯ ಇದು. ತೋಳಗಳು ಬೇಟೆ ಕೆಡವಿದ ಜಾಗದ ಹತ್ತಿರ ವಿಮಾನ ಇಳಿಸಿ, ಮೀಚ್ ನಡೆದು ಹೋಗಿ ಮೂಸ್‌ನ ಹಲ್ಲು ಮೂಳೆ ಪರೀಕ್ಷಿಸುತ್ತಿದ್ದರು. ಅವರನ್ನು ಕಂಡು ದೂರ ಸರಿದು ಹೋಗುತ್ತಿದ್ದುದು ತೋಳಗಳೇ.

ಮೀಚ್ ಅಲ್ಲಿ ಕೆಲಸ ಮಾಡಿದ ಮೂರು ವರ್ಷಗಳಲ್ಲಿ ದ್ವೀಪದಲ್ಲಿ ತೋಳಗಳು ಇಪ್ಪತ್ತು ಚಿಲ್ಲರೆ, ಮೂಸ್ ಸುಮಾರು 600. ಸಂಖ್ಯೆ ಹೆಚ್ಚು ಅಲುಗಾಡಲಿಲ್ಲ. ನಿಸರ್ಗದ ಸಮತೋಲನ ಎಂದು ಎಲ್ಲರೂ ಹೇಳುತ್ತಿದ್ದುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇಕೇ? ಅಧ್ಯಯನ ಅಲ್ಲಿಗೇ ಮುಗಿದಿದ್ದರೆ ಪಠ್ಯಪುಸ್ತಕಗಳು ಇಂದಿಗೂ ಅದನ್ನೇ ಬೋಧಿಸುತ್ತಿದ್ದವೇನೋ. ಅಲೆನ್ ನಿಲ್ಲಿಸಲಿಲ್ಲ. ಒಬ್ಬ ವಿದ್ಯಾರ್ಥಿ ಹೋದರೆ ಇನ್ನೊಬ್ಬನನ್ನು ಕಳಿಸಿದರು. ಹಣಕ್ಕಾಗಿ ಅಲೆದರು. ಆ ಹಟಕ್ಕೆ ವಿಜ್ಞಾನ ಋಣಿಯಾಗಿರಬೇಕು.

1970ರಲ್ಲಿ ಬಂದ ವಿದ್ಯಾರ್ಥಿ ರಾಲ್ಫ್ ಪೀಟರ್ಸನ್ ಆ ದಶಕದ ನಡುವೆ ಅಲೆನ್ ಅವರಿಂದ ಹೊಣೆ ವಹಿಸಿಕೊಂಡು, ಮುಂದೆ ಅಧ್ಯಯನವನ್ನು ಮಿಷಿಗನ್ ತಂತ್ರಜ್ಞಾನ ವಿಶ್ವವಿದ್ಯಾಲಯಕ್ಕೆ ಒಯ್ದರು. ಬೇಸಿಗೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ದ್ವೀಪದ ಹಳೆಯ ಮೀನುಗಾರರ ಮನೆಯೊಂದರಲ್ಲಿ ವಾಸ, ಚಳಿಗಾಲದಲ್ಲಿ ವಿಮಾನ. ಅವರ ಕಣ್ಣೆದುರೇ ಸಮತೋಲನದ ಚಿತ್ರ ಒಡೆಯಿತು. ಮೂಸ್‌ಗಳು ಏರಿದವು, ಕಡು ಚಳಿಗಾಲಗಳಲ್ಲಿ ಇಳಿದವು. ದುರ್ಬಲವಾದ ಮೂಸ್‌ಗಳನ್ನು ತಿಂದು ತೋಳಗಳು ಹೆಚ್ಚಿದವು. 1980ರಲ್ಲಿ ತೋಳಗಳ ಸಂಖ್ಯೆ 50 ಮುಟ್ಟಿತು. ಎರಡೇ ವರ್ಷ, 1982ರಲ್ಲಿ ಉಳಿದದ್ದು 14.

ಆಹಾರ ಸಾಲದೆ ಇಳಿದಿವೆ, ಮತ್ತೆ ಚೇತರಿಸಿಕೊಳ್ಳುತ್ತವೆ ಎಂದು ಕಾದರು. ಚೇತರಿಕೆ ಬರಲಿಲ್ಲ. ಅಲ್ಲಿಯವರೆಗೆ ದ್ವೀಪದ ತೋಳಗಳನ್ನು ಯಾರೂ ಕೈಯಿಂದ ಮುಟ್ಟಿರಲಿಲ್ಲ. ದೂರದಿಂದ ನೋಡುವುದಷ್ಟೇ ನಿಯಮವಾಗಿತ್ತು. 1988ರಲ್ಲಿ ಆ ನಿಯಮ ಸಡಿಲಿಸಿ ಕೆಲವನ್ನು ಹಿಡಿದು ರಕ್ತ ಪರೀಕ್ಷಿಸಿದರು, ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿದರು. ರಕ್ತದಲ್ಲಿ ನಾಯಿಗಳ ಪಾರ್ವೊ ವೈರಸ್‌ನ ಕುರುಹು ಸಿಕ್ಕಿತು. 1970ರ ದಶಕದ ಕೊನೆಯಲ್ಲಷ್ಟೇ ಹುಟ್ಟಿ ಜಗತ್ತಿನ ನಾಯಿಗಳಿಗೆಲ್ಲ ಹಬ್ಬಿದ್ದ ರೋಗ ಅದು. ಈ ದ್ವೀಪಕ್ಕೆ ನಾಯಿಗಳನ್ನು ತರುವಂತಿಲ್ಲ. ಯಾರೋ ಪ್ರವಾಸಿಗರು ದೋಣಿಯಲ್ಲಿ ತಂದಿರಬೇಕು ಎಂಬುದು ಸಂಶೋಧಕರ ಊಹೆ. ಇಪ್ಪತ್ತು ವರ್ಷಗಳಿಂದ ಮೂಸ್ ಎಷ್ಟು, ತೋಳ ಎಷ್ಟು, ಹಿಮ ಎಷ್ಟು ಎಂದು ಲೆಕ್ಕವಿಟ್ಟವರ ಯಾವ ಸೂತ್ರದಲ್ಲೂ ದೋಣಿಯಲ್ಲಿ ಬಂದ ನಾಯಿಗೆ ಜಾಗವಿರಲಿಲ್ಲ.

ತೋಳಗಳು ಕಡಿಮೆಯಾದ ಆ ವರ್ಷಗಳಲ್ಲಿ ಮೂಸ್ ಏರುತ್ತಲೇ ಹೋಗಿ 1995ರ ಸುಮಾರಿಗೆ 2,400 ದಾಟಿತು. ಅದಕ್ಕೆ ತಕ್ಕ ಬೆಲೆ ತೆತ್ತದ್ದು ಬಾಲ್ಸಮ್ ಫರ್ ಮರ. ಚಳಿಗಾಲದಲ್ಲಿ ಮೂಸ್‌ಗಳ ಮುಖ್ಯ ಮೇವು ಅದು. 1994ರಲ್ಲಿ ಬ್ರಯನ್ ಮೆಕ್ಲಾರೆನ್ ಮತ್ತು ಪೀಟರ್ಸನ್ ಆ ಮರಗಳ ವಾರ್ಷಿಕ ಬಳೆಗಳನ್ನು ಅಳೆದು ಪ್ರಕಟಿಸಿದರು. ತೋಳ ಇಳಿದ ವರ್ಷಗಳಲ್ಲಿ ಮೂಸ್ ಏರಿ ಮರದ ಬಳೆ ಕಿರಿದಾಗಿತ್ತು, ತೋಳ ಹೆಚ್ಚಿದಾಗ ಬಳೆ ಅಗಲವಾಗಿತ್ತು. ಎಲೆಯೊಂದನ್ನೂ ಮುಟ್ಟದ ಪ್ರಾಣಿಯ ಏಳುಬೀಳು ಮರದೊಳಗೆ ದಾಖಲಾಗಿತ್ತು. ಎರಡು ವರ್ಷದ ಬಳಿಕ, 1996ರಲ್ಲಿ, ಭೀಕರ ಚಳಿಗಾಲ, ಮೇವಿನ ಬರ, ಮೈತುಂಬ ಮುತ್ತಿದ ಉಣ್ಣೆ ಹುಳುಗಳು ಸೇರಿ ಮೂಸ್‌ಗಳನ್ನು 500ಕ್ಕೆ ಇಳಿಸಿದವು. ಆ ಕುಸಿತದಲ್ಲಿ ತೋಳದ ಪಾಲು ಅಲ್ಪ.

ಇದರ ನಡುವೆ ಮೂಳೆಗಳ ಸಂಗ್ರಹ ಬೆಳೆಯುತ್ತಿತ್ತು. 1980ರ ದಶಕದ ಕೊನೆಯಿಂದ ಪ್ರತಿ ಬೇಸಿಗೆ ಸ್ವಯಂಸೇವಕರ ತಂಡಗಳು ಬೆನ್ನಿಗೆ ಗಂಟು ಹೊತ್ತು, ಜೌಗು ದಾಟಿ, ಸೊಳ್ಳೆ ಕಡಿಸಿಕೊಳ್ಳುತ್ತ ಸತ್ತ ಮೂಸ್‌ಗಳ ಅಸ್ಥಿ ಹುಡುಕಿ ಹೊತ್ತು ತಂದಿವೆ. ಸಾವಿರಾರು ಮೂಸ್‌ಗಳ ಮೂಳೆ ಹೀಗೆ ಕೂಡಿದೆ. ಹಲ್ಲನ್ನು ಸೀಳಿ ಅದರ ಪದರ ಎಣಿಸಿದರೆ ವಯಸ್ಸು, ಹುಟ್ಟಿದ ವರ್ಷ ತಿಳಿಯುತ್ತದೆ. ವಯಸ್ಸಾದ ಬಹಳಷ್ಟು ಮೂಸ್‌ಗಳ ಸೊಂಟದ ಕೀಲು ಸಂಧಿವಾತದಿಂದ ಸವೆದಿತ್ತು. ಸೊಂಟ ಹಿಡಿದ ಮೂಸ್ ತೋಳಕ್ಕೆ ಸುಲಭದ ತುತ್ತು. ಆದರೆ ಕೆಲವು ಕಾಲಘಟ್ಟದಲ್ಲಿ ಹುಟ್ಟಿದವುಗಳಲ್ಲಿ ಈ ರೋಗ ಯಾಕೆ ಹೆಚ್ಚು? ಅರ್ಧ ಶತಮಾನದ ಮೂಳೆಗಳನ್ನು ಜೋಡಿಸಿ ನೋಡಿ 2010ರಲ್ಲಿ ಪೀಟರ್ಸನ್, ಜಾನ್ ವ್ಯುಸೆಟಿಕ್ ಮತ್ತು ಸಂಗಡಿಗರು ಉತ್ತರ ಕೊಟ್ಟರು: ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಎಳವೆಯಲ್ಲಿ ಮೇವಿನ ಬರ ಅನುಭವಿಸಿದ ಮೂಸ್‌ಗಳೇ ಮುಂದೆ ಕೀಲು ಹಿಡಿದು ನರಳುತ್ತವೆ. ಹತ್ತು ವರ್ಷ ಹಿಂದಿನ ಒಂದು ಹಸಿವು ಇಂದಿನ ಬೇಟೆಯನ್ನು ನಿರ್ಧರಿಸುತ್ತದೆ. ಎರಡು ಮೂರು ವರ್ಷದ ಅನುದಾನದಲ್ಲಿ ಮುಗಿಯುವ ಯಾವ ಯೋಜನೆಗೂ ಈ ವಿಷಯ ಗೊತ್ತಾಗುವ ಹಾಗಿರಲಿಲ್ಲ.

ತೋಳಗಳು ಯಾಕೆ ದೊಡ್ಡ ಹಿಂಡು ಕಟ್ಟುತ್ತವೆ ಎಂಬುದಕ್ಕೂ ಇಲ್ಲೊಂದು ಅನಿರೀಕ್ಷಿತ ಉತ್ತರ ಸಿಕ್ಕಿತು. ಮೂಸ್ ಕೆಡವಲು ಎರಡೇ ತೋಳ ಸಾಕು; ಹಿಂಡು ದೊಡ್ಡದಾದಷ್ಟೂ ತಲೆಗೆ ಸಿಗುವ ಮಾಂಸ ಕಡಿಮೆ. 2004ರಲ್ಲಿ ವ್ಯುಸೆಟಿಕ್ ತಂಡ ರೇವನ್ ಎಂಬ ದೊಡ್ಡ ಕಾಗೆಗಳತ್ತ ಬೆರಳು ತೋರಿತು. ತೋಳ ಬೇಟೆ ಕೆಡವಿದ ಕೂಡಲೇ ಅವು ಗುಂಪುಗುಂಪಾಗಿ ಇಳಿಯುತ್ತವೆ. ಎರಡೇ ತೋಳ ತಿನ್ನುತ್ತ ಕೂತರೆ ಬೇಟೆಯ ದೊಡ್ಡ ಪಾಲು ಕಾಗೆಗಳಿಗೆ ಹೋಗುತ್ತದೆ. ಹತ್ತಿದ್ದರೆ ಬೇಗ ತಿಂದು ಮುಗಿಸುತ್ತವೆ, ನಷ್ಟ ಕಡಿಮೆ. ಹೇಗೂ ಕಾಗೆಗೆ ಹೋಗುವುದನ್ನು ಮಕ್ಕಳೇ ತಿಂದುಕೊಳ್ಳಲಿ ಎಂಬುದು ಹಿಂಡಿನ ಗಣಿತ.

ಏಕೆಂದರೆ ಹಿಂಡು ಎಂದರೆ ಒಂದು ಮನೆತನ. ಅಪ್ಪ, ಅಮ್ಮ, ಈ ವರ್ಷದ ಮರಿಗಳು, ಇನ್ನೂ ಮನೆ ಬಿಡದ ಹಿಂದಿನ ವರ್ಷಗಳ ಮಕ್ಕಳು. ಇದನ್ನು ಜಗತ್ತಿಗೆ ಮನಗಾಣಿಸಲು ಮೀಚ್‌ಗೆ ದಶಕಗಳೇ ಹಿಡಿದವು, ಯಾಕೆಂದರೆ ವಿರುದ್ಧದ ಮಾತನ್ನು ಹಬ್ಬಿಸಿದ ಪುಸ್ತಕಗಳಲ್ಲಿ ಅವರದ್ದೂ ಒಂದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದಿದ್ದರು: ಪ್ರತಿ ಗುಂಪಿನಲ್ಲೂ ಹೋರಾಡಿ ಮೇಲೇರಿದ ಯಜಮಾನ ಜೋಡಿ ಇರುತ್ತದೆ ಎಂದು. 1970ರ ತಮ್ಮ ಹೆಸರಾಂತ ಗ್ರಂಥದಲ್ಲಿ ಮೀಚ್ ಅದನ್ನು ಸೇರಿಸಿಕೊಂಡರು. ‘ಆಲ್ಫಾ’ ತೋಳ ಅಲ್ಲಿಂದ ನಾಯಿ ಸಾಕುವವರ, ಕಂಪನಿ ನಡೆಸುವವರ, ಸಿನಿಮಾ ಮಾಡುವವರ ಬಾಯಿಗೆ ಹೋಯಿತು. 1986ರಿಂದ ಮೀಚ್ ಕೆನಡಾದ ತುತ್ತತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆ ಬೇಸಿಗೆ ಕಾಡುತೋಳಗಳ ಬಿಲದ ಪಕ್ಕದಲ್ಲೇ ಕಳೆದರು. ಮನುಷ್ಯರನ್ನು ಕಂಡು ಅಂಜದ ತೋಳಗಳವು. ಪಟ್ಟಕ್ಕಾಗಿ ಕಾದಾಟ ಅವರಿಗೆ ಕಾಣಲಿಲ್ಲ. ಕಂಡದ್ದು ಮಕ್ಕಳನ್ನು ನಡೆಸುವ ತಂದೆತಾಯಿ. ಅಪರಿಚಿತ ತೋಳಗಳನ್ನು ಒಂದು ಬೇಲಿಯೊಳಗೆ ಕೂಡಿದರೆ ಜಗಳವಾಗುತ್ತದೆ, ಅದು ಅವುಗಳ ಸಂಸಾರದ ಸ್ವಭಾವವಲ್ಲ. 1999ರಲ್ಲಿ ಮೀಚ್ ಇದನ್ನು ಸ್ಪಷ್ಟವಾಗಿ ಬರೆದು, ತಮ್ಮ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರನ್ನು ಮತ್ತೆ ಮತ್ತೆ ಕೇಳಿದರು. ಅದು ನಿಂತದ್ದು 2022ರಲ್ಲಿ.

ಐಲ್ ರಾಯಲ್‌ನ ಮನೆತನಗಳ ಕಥೆ ಬೇರೊಂದು ದಾರಿ ಹಿಡಿಯಿತು. ಇಲ್ಲಿಯ ಎಲ್ಲ ತೋಳಗಳೂ ಒಂದೇ ಹೆಣ್ಣಿನ ಸಂತಾನ ಎಂದು 1991ರಲ್ಲಿ ಡಿಎನ್‌ಎ ಹೇಳಿತು. ರಕ್ತಸಂಬಂಧದೊಳಗೇ ಕೂಡಿ ಕೂಡಿ ವಂಶ ಸೊರಗುತ್ತಿತ್ತು. ಸತ್ತ ತೋಳಗಳ ಬೆನ್ನುಮೂಳೆಗಳಲ್ಲಿ ಹುಟ್ಟುದೋಷಗಳು ಕಂಡವು. ಸೊಂಟದ ಬಳಿಯ ಒಂದು ದೋಷವಂತೂ ಸುಮಾರು ಮೂರರಲ್ಲೊಂದು ತೋಳಕ್ಕಿತ್ತು. ಬೇರೆ ಕಡೆಯ ತೋಳಗಳಲ್ಲಿ ಅದು ನೂರಕ್ಕೆ ಒಂದರಷ್ಟು ವಿರಳ.

1997ರಲ್ಲಿ ಇನ್ನೊಮ್ಮೆ ಹಿಮಸೇತುವೆ ಕಟ್ಟಿತು. ಒಂದು ಗಂಡು ತೋಳ ಅದರ ಮೇಲೆ ನಡೆದು ಬಂದಿತು. ಆಗ ಯಾರಿಗೂ ಗೊತ್ತಾಗಲಿಲ್ಲ. ದ್ವೀಪದ ತೋಳಗಳಿಗಿಂತ ದಪ್ಪ ಮೈಯ, ವಯಸ್ಸಾದಂತೆ ಬೆಳ್ಳಗಾದ ಈ ಪ್ರಾಣಿಗೆ ಸಂಶೋಧಕರು ‘ಓಲ್ಡ್ ಗ್ರೇ ಗೈ’ ಎಂದು ಹೆಸರಿಟ್ಟಿದ್ದರು. ಮುದಿ ಬೂದ ಎನ್ನಬಹುದು. ಕಾಡಿನಲ್ಲಿ ಹೆಕ್ಕಿದ ಹಿಕ್ಕೆಯಿಂದ ತೆಗೆದ ಡಿಎನ್‌ಎ ಅದು ಹೊರಗಿನದ್ದು ಎಂದು ಹೇಳಿತು, 2011ರಲ್ಲಿ ವಿವರ ಪ್ರಕಟವಾಯಿತು. ಅದು 34 ಮರಿಗಳ ತಂದೆಯಾಗಿತ್ತು. ಕೆಲವೇ ವರ್ಷದಲ್ಲಿ ದ್ವೀಪದ ತೋಳಗಳ ವಂಶದ್ರವ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಅದರದ್ದೇ. ತೋಳಗಳ ಬೇಟೆ ಚುರುಕಾಯಿತು, ಮೂಸ್ ಇಳಿಯಿತು, ಫರ್ ಮರಗಳ ಮೇಲಿನ ಹೊರೆ ತಗ್ಗಿತು ಎಂದು 2023ರಲ್ಲಿ ಸಾರಾ ಹೋಯ್, ಪೀಟರ್ಸನ್, ವ್ಯುಸೆಟಿಕ್ ತೋರಿಸಿದರು. ಒಂದು ತೋಳ ಕಾಡಿನ ಬಣ್ಣವನ್ನೇ ಬದಲಿಸಿತ್ತು. ಆದರೆ ಸಂಗಾತಿ ಸತ್ತ ಮೇಲೆ ಅದು ತನ್ನ ಮಗಳೊಂದಿಗೇ ಕೂಡಿತು. ಹೊಸ ರಕ್ತದ ಬಲ ಹೆಚ್ಚು ದಿನ ನಿಲ್ಲಲಿಲ್ಲ.

ಈ ಕಥೆ ನಮಗೂ ದೂರದ್ದಲ್ಲ. ಕೊಪ್ಪಳದ ಬಂಕಾಪುರದಂಥ ಕುರುಚಲು ಬಯಲುಗಳಲ್ಲಿ ಉಳಿದಿರುವ ನಮ್ಮ ತೋಳಗಳ ಸುತ್ತ ಸರೋವರವಿಲ್ಲ. ಹೆದ್ದಾರಿ, ಕಾಲುವೆ, ಗಣಿ, ಬೇಲಿ ಹಾಕಿದ ತೋಟಗಳಿವೆ. ಒಂದು ಬಯಲಿನಿಂದ ಇನ್ನೊಂದಕ್ಕೆ ನಡೆದು ಹೋಗುವ ಒಂಟಿ ತೋಳಕ್ಕೆ ದಾರಿ ಉಳಿದಿದೆಯೇ ಎಂಬುದನ್ನು ಐಲ್ ರಾಯಲ್ ಓದಿದವರು ಲಘುವಾಗಿ ಎಣಿಸಲಾರರು.

ಐಲ್ ರಾಯಲ್‌ನಲ್ಲಿ 2009ರಲ್ಲಿ ಇದ್ದ 24 ತೋಳಗಳು 2012ಕ್ಕೆ ಒಂಬತ್ತಾದವು. ಹತ್ತೊಂಬತ್ತನೆಯ ಶತಮಾನದ ತಾಮ್ರದ ಗಣಿಯ ಹಳೆಯ ಗುಂಡಿಯೊಂದಕ್ಕೆ ಬಿದ್ದು ಮೂರು ಒಟ್ಟಿಗೆ ಮುಳುಗಿ ಸತ್ತಿದ್ದವು. 2014ರಲ್ಲಿ ಸೇತುವೆ ಕಟ್ಟಿದಾಗ ಹೊಸ ತೋಳ ಬಂದೀತೆಂದು ಕಾದರೆ, ಇದ್ದವುಗಳಲ್ಲೇ ಒಂದು ಹೆಣ್ಣು ದಾಟಿ ಹೋಗಿ ಮಿನೆಸೋಟಾ ದಡದಲ್ಲಿ ಗುಂಡೇಟಿಗೆ ಸತ್ತಿತು. 2016ರಲ್ಲಿ ಉಳಿದದ್ದು ಎರಡು: ತಂದೆ ಮತ್ತು ಮಗಳು, ಅವೆರಡೂ ಒಂದೇ ತಾಯಿಯ ಮಕ್ಕಳು ಕೂಡ.

ಈಗ ಏನು ಮಾಡಬೇಕು? ದ್ವೀಪದ ಬಹುಪಾಲು 1976ರಿಂದ ಕಾನೂನಿನ ಪ್ರಕಾರ ವನ್ಯಪ್ರದೇಶ. ಮನುಷ್ಯರು ಕೈಹಾಕಬಾರದು. ಮೀಚ್ ಅವಸರ ಬೇಡ, ಕಾದು ನೋಡೋಣ ಎಂದು ಬರೆದರು. ಪೀಟರ್ಸನ್ ಮತ್ತು ವ್ಯುಸೆಟಿಕ್ ಹೊರಗಿನಿಂದ ತೋಳಗಳನ್ನು ತರಲೇಬೇಕು ಎಂದು ವಾದಿಸಿದರು: ಹಿಮಸೇತುವೆ ಹಿಂದೆ ಬಹುಪಾಲು ಚಳಿಗಾಲಗಳಲ್ಲಿ ಕಟ್ಟುತ್ತಿತ್ತು, ಈಗ ಅಪರೂಪವಾಗಿದೆ, ಭೂಮಿಯನ್ನು ಬಿಸಿ ಮಾಡಿ ಸೇತುವೆಯನ್ನು ಮುರಿದವರು ಮನುಷ್ಯರೇ ಆಗಿರುವಾಗ ಕೈಹಾಕಬಾರದೆಂಬ ಮಾತಿಗೆ ಅರ್ಥವೇನು? ಈ ವಾದದಲ್ಲಿ ತೂಕ ಪೀಟರ್ಸನ್ ಕಡೆಗೇ ಇದೆ. ನಾಯಿಯ ವೈರಸ್, ಗಣಿಯ ಗುಂಡಿ, ಬಿಸಿಯಾದ ಚಳಿಗಾಲ ಯಾವುದೂ ನಿಸರ್ಗ ತಂದಿಟ್ಟದ್ದಲ್ಲ.

ಉದ್ಯಾನ ಇಲಾಖೆ 2018ರಲ್ಲಿ ಒಪ್ಪಿತು. ಮೊದಲ ನಾಲ್ಕು ತೋಳಗಳು ಮಿನೆಸೋಟಾದ ಗ್ರ್ಯಾಂಡ್ ಪೋರ್ಟೇಜ್‌ನ ಒಜಿಬ್ವೆ ಮೂಲನಿವಾಸಿ ಜನರ ನೆಲದಿಂದ ಬಂದವು. ಐಲ್ ರಾಯಲ್ ಆ ಜನರ ಮಾತಿನಲ್ಲಿ ಮಿನೋಂಗ್, ತೋಳ ಅವರಿಗೆ ಒಡಹುಟ್ಟಿದವನಂತೆ. ಬಂದ ನಾಲ್ಕರಲ್ಲಿ ಒಂದು ಸತ್ತಿತು; ಇನ್ನೊಂದು ಆ ಚಳಿಗಾಲದ ಹಿಮದ ಮೇಲೆ ನಡೆದು ತವರಿಗೆ ಮರಳಿತು. 2019ರಲ್ಲಿ ಕೆನಡಾದ ಮಿಷಿಪಿಕೋಟನ್ ದ್ವೀಪದಿಂದ ಹಲವನ್ನು ತಂದರು. ಅಲ್ಲಿ ಅವು ಕ್ಯಾರಿಬೂ ಎಂಬ ಜಿಂಕೆಗಳನ್ನು ತಿಂದು ಮುಗಿಸಿ ಉಪವಾಸ ಬಿದ್ದಿದ್ದವು. ಒಟ್ಟು ಹತ್ತೊಂಬತ್ತು ತೋಳಗಳು ಬಂದಿಳಿದವು. ಅವು ಇಳಿದಾಗ ದ್ವೀಪದಲ್ಲಿ ಎರಡು ಸಾವಿರ ಮೂಸ್‌ಗಳಿದ್ದವು.

2024ರ ಎಣಿಕೆಯಂತೆ ತೋಳಗಳು 30, ಮೂಸ್ 840. ಫರ್ ಸಸಿಗಳು ಮೂಸ್‌ನ ಬಾಯಿ ತಪ್ಪಿಸಿ ಮೇಲೇಳುತ್ತಿವೆ. ತಂದ ತೋಳಗಳಲ್ಲಿ ಹಲವು ಒಂದೇ ದ್ವೀಪದ ಬಂಧುಗಳಾದ್ದರಿಂದ ಹಿಕ್ಕೆ ಹೆಕ್ಕಿ ಡಿಎನ್‌ಎ ಓದುವ ಕೆಲಸ ಬೇಸಿಗೆ ಬೇಸಿಗೆ ನಡೆದಿದೆ. ಮುಂದೊಂದು ದಿನ ಮತ್ತೆ ಹೊರಗಿನ ತೋಳ ತರಬೇಕಾದೀತು ಎಂಬ ಚರ್ಚೆಯೂ ಇದೆ. ಆ ವರ್ಷದ ಚಳಿಗಾಲದ ಸಮೀಕ್ಷೆಯನ್ನು ಮಾತ್ರ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬೆಚ್ಚಗಿನ ಹವೆಯಲ್ಲಿ ಕೊಲ್ಲಿಯ ಹಿಮ ತೆಳುವಾಗಿ, ವಿಮಾನ ಇಳಿಯುವಷ್ಟು ಗಟ್ಟಿ ಉಳಿದಿರಲಿಲ್ಲ.